ಕೆಸರು ನೀರಲ್ಲಿ ಕೊರವ, ಬಾಳೆ ಮೀನುಗಳು ಬೇಟೆ ಆಡುವುದು ಹೇಗೆ?

ನಿಮ್ಮ ಪ್ರಶ್ನೆ ಇದು: ಕೆರೆಯ ಕದಡಿದ ನೀರಲ್ಲಿ ಒಂದಡಿ ಆಚೆಗೆ ಏನೂ ಕಾಣುವುದಿಲ್ಲ. ಮೀನಿಗೆ ಕೈಯೂ ಇಲ್ಲ, ಉಗುರೂ ಇಲ್ಲ. ಹಾಗಿದ್ದರೂ ಕೊರವ, ಬಾಳೆ ಥರದ ಮೀನುಗಳು ಬೇರೆ ಮೀನನ್ನು ಹುಡುಕಿ ಹಿಡಿಯುವುದು ಹೇಗೆ? ಅಗಿದು ತಿನ್ನುತ್ತವಾ?

ನಾನು ವಿಜ್ಞಾನಿ ಅಲ್ಲ. ಗಾಳ ಹಾಕುವ ಹುಚ್ಚಿದೆ, ಮೀನಿನ ಬಗ್ಗೆ ಸಿಕ್ಕಿದ್ದೆಲ್ಲ ಓದುವ ಚಟವೂ ಇದೆ. ಅಷ್ಟರಲ್ಲಿ ಗೊತ್ತಿರುವುದನ್ನು ಹೇಳುತ್ತೇನೆ.

ಹಿಡಿಯುವುದರಿಂದಲೇ ಶುರು ಮಾಡೋಣ. ಮೀನು ನುಗ್ಗಿ ಬಂದು ಕಚ್ಚುತ್ತದೆ ಅಂತಲೇ ಎಲ್ಲರೂ ಅಂದುಕೊಳ್ಳುವುದು. ನೀರಲ್ಲಿ ಅದು ಅಷ್ಟು ಸುಲಭ ಅಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ದೊಡ್ಡ ಮೀನು ತಲೆ ಮುಂದೆ ಮಾಡಿ ನುಗ್ಗಿದರೆ ಎದುರಿಗಿರುವ ನೀರೂ ಸರಿಯುತ್ತದೆ, ಆ ನೀರಿನ ಜೊತೆ ಚಿಕ್ಕ ಮೀನೂ ದೂರ ಹೋಗುತ್ತದೆ. ಅದೂ ಅಲ್ಲದೆ ಆ ತಳ್ಳು ತಾಗಿದ ಕೂಡಲೇ ಅದಕ್ಕೆ ಎಚ್ಚರ ಆಗುತ್ತದೆ. ಮೀನಿನ ಮೆದುಳಿನ ಹಿಂಭಾಗದಲ್ಲಿ ಮೌತ್ನರ್ ಅನ್ನುವ ಒಂದು ಜೊತೆ ದೊಡ್ಡ ನರಕೋಶಗಳಿವೆ. ಅವು ಕೆಲಸ ಶುರು ಮಾಡಿದರೆ ಮೈ ಅರ್ಧಚಂದ್ರದ ಆಕಾರಕ್ಕೆ ಬಾಗಿ, ಮರುಕ್ಷಣ ಮೀನು ಮಂಗಮಾಯ.

ಅದಕ್ಕೇ ಹೆಚ್ಚಿನ ಬೇಟೆ ಮೀನುಗಳು ಹೀರುವ ದಾರಿ ಹಿಡಿದಿವೆ. ಸಿರಿಂಜಿನ ಹಿಡಿ ಎಳೆದಾಗ ಏನಾಗುತ್ತದೋ ಇಲ್ಲೂ ಅದೇ. ಬಾಯಿ ತೆರೆಯುತ್ತಿದ್ದಂತೆ ಕೆಳದವಡೆ ಇಳಿಯುತ್ತದೆ, ಕೆನ್ನೆಯ ಎಲುಬುಗಳು ಎರಡೂ ಬದಿಗೆ ಅಗಲುತ್ತವೆ. ಬಾಯೊಳಗಿನ ಜಾಗ ಒಮ್ಮೆಲೇ ದೊಡ್ಡದಾಗಿ, ಹೊರಗಿನ ನೀರು ಬೇಟೆಯ ಸಮೇತ ಒಳಗೆ ನುಗ್ಗುತ್ತದೆ. ಬಾಯಿ ಮುಚ್ಚಿದ ಮೇಲೆ ನೀರು ಕಿವಿರಿನ ಕಡೆಯಿಂದ ಆಚೆ ಹೋಗುತ್ತದೆ, ಬೇಟೆ ಒಳಗೇ ಉಳಿಯುತ್ತದೆ. ಹವಳದ ದಿಬ್ಬಗಳಲ್ಲಿ ಕಲ್ಲಿನ ಹಾಗೆ ಕೂತಿರುವ ಫ್ರಾಗ್‌ಫಿಶ್ ಅನ್ನುವ ಮೀನು ಸುಮಾರು 6 ಮಿಲಿಸೆಕೆಂಡಿನಲ್ಲಿ ಇದನ್ನು ಮಾಡಬಲ್ಲದು. ನಮ್ಮ ಕಣ್ಣಿಗೆ ಅದರ ಬಾಯಿ ತೆರೆದದ್ದೂ ಕಾಣುವುದಿಲ್ಲ, ಎದುರಿಗಿದ್ದ ಮೀನು ಇಲ್ಲವಾದದ್ದಷ್ಟೇ ಕಾಣುತ್ತದೆ.

ಆದರೆ ಈ ಹೀರುವಿಕೆಗೆ ದೂರ ಆಗಿಬರುವುದಿಲ್ಲ. ಬಾಯಿ ಎಷ್ಟು ಅಗಲವೋ ಹೆಚ್ಚುಕಮ್ಮಿ ಅಷ್ಟೇ ದೂರದವರೆಗೆ ಅದಕ್ಕೆ ಬಲ. ಕೊರವ ಜೊಂಡಿನ ಮರೆಯಲ್ಲಿ ಅಲ್ಲಾಡದೆ ನಿಂತಿರುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಬೇಟೆ ತೀರಾ ಹತ್ತಿರ ಬರಬೇಕು. ಆಮೇಲೆ ಒಂದೇ ಬಾಲದ ಹೊಡೆತ, ಜೊತೆಗೇ ಹೀರುವುದು.

ಇನ್ನು ಕತ್ತಲಲ್ಲಿ ಹುಡುಕುವ ವಿಷಯ. ಮುಂದಿನ ಸಲ ಮೀನು ತಂದಾಗ ಅದರ ಪಕ್ಕೆ ನೋಡಿ. ಕಿವಿರಿನಿಂದ ಬಾಲದ ಕಡೆಗೆ ಒಂದು ಗೆರೆ ಹೋಗಿರುತ್ತದೆ. ಲ್ಯಾಟರಲ್ ಲೈನ್ ಅಂತಾರೆ. ಅಲ್ಲಿ ಸಣ್ಣ ಸಣ್ಣ ತೂತುಗಳು, ಅದರ ಕೆಳಗೆ ನೀರಿನ ಅಲುಗಾಟ ತಿಳಿಯುವ ಕೂದಲಿನಂಥ ಕೋಶಗಳು. ಹತ್ತಿರದಲ್ಲಿ ಯಾವುದಾದರೂ ಮೀನು ಬಾಲ ಆಡಿಸಿದರೆ ಇದಕ್ಕೆ ತಿಳಿಯುತ್ತದೆ, ಕಣ್ಣು ಬೇಕಾಗಿಲ್ಲ.

ಬಾಳೆ ಮೀನು ಇನ್ನೂ ಒಂದು ಕೈ ಮೇಲು. ಅದು ಕ್ಯಾಟ್‌ಫಿಶ್ ಜಾತಿ, ಹೆಚ್ಚಾಗಿ ರಾತ್ರಿ ಓಡಾಟ. ಅದರ ಉದ್ದ ಮೀಸೆಯ ಮೇಲೂ ರುಚಿ ತಿಳಿಯುವ ಮೊಗ್ಗುಗಳಿರುತ್ತವೆ. ಬೇರೆ ಜೀವಿಗಳ ಮೈಯಿಂದ ಬರುವ ಸಣ್ಣ ವಿದ್ಯುತ್ತನ್ನೂ ಕ್ಯಾಟ್‌ಫಿಶ್‌ಗಳ ಚರ್ಮ ಗ್ರಹಿಸುತ್ತದೆ. ಹಾಗಾದರೆ ಕತ್ತಲಲ್ಲಿ ಇಷ್ಟರಲ್ಲಿ ಯಾವುದು ಮುಖ್ಯ? ಯುರೋಪಿನ ವೆಲ್ಸ್ ಕ್ಯಾಟ್‌ಫಿಶ್ ಮೇಲೆ ಇದನ್ನು ಪರೀಕ್ಷೆ ಮಾಡಿದ್ದಾರೆ. 2001ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಗಾಢ ಕತ್ತಲಲ್ಲಿ ಗಪ್ಪಿ ಮೀನುಗಳನ್ನು ಬಿಟ್ಟು ಇನ್ಫ್ರಾರೆಡ್ ಬೆಳಕಿನಲ್ಲಿ ಚಿತ್ರೀಕರಿಸಿದರು. ಗಪ್ಪಿ ಈಜಿ ಹೋದ ದಾರಿಯನ್ನೇ ಹಿಡಿದು, ಅದು ತಿರುಗಿದಲ್ಲಿ ತಾನೂ ತಿರುಗಿ, ವೆಲ್ಸ್ ಹಿಂದಿನಿಂದ ಬಂದು ಹಿಡಿಯುತ್ತಿತ್ತು. ಹಲವು ಸೆಕೆಂಡುಗಳ ಹಿಂದಿನ ಜಾಡನ್ನೂ ಅದು ಬಿಡಲಿಲ್ಲ. ಆಮೇಲಿನ ಇನ್ನೊಂದು ಪರೀಕ್ಷೆಯಲ್ಲಿ ರುಚಿಯ ಶಕ್ತಿ ತೆಗೆದರೂ ಬೇಟೆಗೆ ಅಂಥ ಪೆಟ್ಟು ಬೀಳಲಿಲ್ಲ. ಲ್ಯಾಟರಲ್ ಲೈನ್ ಕೆಡಿಸಿದಾಗ ಮಾತ್ರ ಬೇಟೆ ಸಿಗುವುದು ತುಂಬಾ ಕಮ್ಮಿ ಆಯಿತು. ಮೀಸೆಯೇ ಎಲ್ಲ ಅನ್ನುವವರಿಗೆ ಇದನ್ನು ತೋರಿಸಬೇಕು.

ಅಗಿಯುತ್ತವಾ ಅಂದರೆ, ಇವೆರಡೂ ಅಗಿಯುವುದಿಲ್ಲ. ಇಡಿಯಾಗಿ ನುಂಗುತ್ತವೆ. ಬಾಯಲ್ಲಿ ಹಲ್ಲಿರುವುದು ಸಿಕ್ಕಿದ್ದು ಜಾರದಿರಲಿ ಅಂತ. ನುಂಗುವುದೂ ಸಾಮಾನ್ಯವಾಗಿ ತಲೆಯ ಕಡೆಯಿಂದ. ಜಿಲೇಬಿ ಮೀನಿನ ಬೆನ್ನ ಮುಳ್ಳು ಚುಚ್ಚಿಸಿಕೊಂಡವರಿಗೆ ಕಾರಣ ಹೇಳಬೇಕಿಲ್ಲ. ತಲೆ ಮೊದಲು ಹೋದರೆ ಮುಳ್ಳು ಹಿಂದಕ್ಕೆ ಮಡಚಿಕೊಳ್ಳುತ್ತದೆ, ಬಾಲ ಮೊದಲಾದರೆ ಗಂಟಲಲ್ಲಿ ನೆಟ್ಟು ನಿಲ್ಲುತ್ತದೆ. ದೊಡ್ಡ ಕೊರವ ಸೀಳುವಾಗ ಹೊಟ್ಟೆಯಲ್ಲಿ ಇಡೀ ಮೀನು ಸಿಕ್ಕರೆ ನೋಡಿ, ಬಹಳ ಸಲ ಅದರ ಬಾಲ ಕೊರವದ ಬಾಯಿ ಕಡೆಗೇ ಇರುತ್ತದೆ. ಕಪ್ಪೆ ಸಿಕ್ಕಿಸಿ ಗಾಳ ಹಾಕುವವರು ದಾರ ಎಳೆದ ಕೂಡಲೇ ಜಗ್ಗದೆ ಸ್ವಲ್ಪ ತಡೆಯುವುದೂ ಇದಕ್ಕೇ. ಮೀನು ಅದನ್ನು ಸರಿಯಾಗಿ ಬಾಯೊಳಗೆ ತೆಗೆದುಕೊಳ್ಳಲಿ ಅಂತ ಕಾಯುತ್ತಾರೆ.

ಎಲ್ಲಾ ಮೀನೂ ಹೀಗೇ ಅಲ್ಲ. ಬ್ಯಾರಕುಡಾ ಕತ್ತರಿಸುತ್ತದೆ. ಸಮುದ್ರದ ಮೊರೆ ಈಲ್ ಬಂಡೆಯ ಸಂದಿಯಲ್ಲಿ ಇರುವುದರಿಂದ ತಲೆ ಅಗಲ ಮಾಡಿ ಹೀರಲು ಜಾಗವೇ ಇಲ್ಲ. ಹಾಗಾಗಿ ಅದು ಮುಂದಿನ ದವಡೆಯಲ್ಲಿ ಕಚ್ಚಿ ಹಿಡಿದ ಮೇಲೆ, ಗಂಟಲಲ್ಲಿರುವ ಎರಡನೇ ದವಡೆ ಬಾಯೊಳಕ್ಕೆ ಮುಂದೆ ಬಂದು ಬೇಟೆಯನ್ನು ಒಳಗೆಳೆಯುತ್ತದೆ. ಇದನ್ನು ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ 2007ರಲ್ಲಿ ತೋರಿಸಿದರು. ಎರಡನೇ ದವಡೆ ಬೇರೆ ಎಷ್ಟೋ ಮೀನುಗಳಲ್ಲೂ ಇದೆ, ಆದರೆ ಅವುಗಳಲ್ಲಿ ಅದು ಹೀಗೆ ಮುಂದಕ್ಕೆ ಚಾಚಿ ಬರುವುದಿಲ್ಲ.

ಕೊರವ ಹಿಡಿದಾಗ ಒಂದು ಮಾತು ನೆನಪಿಡಿ. ಅಗಿಯುವುದಿಲ್ಲ ಅಂತ ಗಾಳ ಬಿಡಿಸಲು ಸುಮ್ನೆ ಬೆರಳು ಹಾಕಬೇಡಿ. ಇಕ್ಕಳ ಬಳಸಿ.