110 ಪಂದ್ಯ ಸೋತಿದ್ದ ಬಾಲ್ಟಿಮೋರ್ ಓರಿಯೋಲ್ಸ್ 2022ರಲ್ಲಿ ಹೇಗೆ ಚೇತರಿಸಿಕೊಂಡಿತು?

ಇದು ಸುಮ್ನೆ ಅದೃಷ್ಟ ಅಲ್ಲ, ನಿಧಾನವಾಗಿ ಆದ ಬದಲಾವಣೆ. ಅಮೆರಿಕದ ಈ ಬೇಸ್‌ಬಾಲ್ ತಂಡ 2021ರಲ್ಲಿ 162 ಪಂದ್ಯಗಳಲ್ಲಿ ಗೆದ್ದಿದ್ದು 52 ಮಾತ್ರ. ಒಮ್ಮೆ ಸತತವಾಗಿ 19 ಸೋತಿತ್ತು. 2022ರ ಶುರುವೂ ಚೆನ್ನಾಗಿರಲಿಲ್ಲ.

ನನ್ನ ಪ್ರಕಾರ ದೊಡ್ಡ ತಿರುವು ಮೇ 21ರಂದು ಬಂತು. ಅಂದು ಆಡ್ಲಿ ರಟ್ಷ್‌ಮನ್ ಮೊದಲ ಪಂದ್ಯ ಆಡಿದರು. ಅವರು ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು. ಯಾವ ಎಸೆತ ಹಾಕಬೇಕು ಅಂತ ಪಿಚರ್‌ಗೆ (ಚೆಂಡು ಎಸೆಯುವವರಿಗೆ) ಸೂಚಿಸುವುದು, ಅವರಿಗೆ ಧೈರ್ಯ ತುಂಬುವುದು ಕ್ಯಾಚರ್ ಕೆಲಸ. ಹಾಗಾಗಿ ಒಳ್ಳೆಯ ಕ್ಯಾಚರ್ ಬಂದರೆ ತಂಡದ ಪಿಚಿಂಗ್ ಸುಧಾರಿಸಬಹುದು. ಜೊತೆಗೆ ಅವರು ಬ್ಯಾಟಿಂಗ್‌ನಲ್ಲೂ ಗಟ್ಟಿಗರು.

ಇನ್ನೊಂದು ಕಾರಣ, ಪಂದ್ಯದ ಕೊನೆಗೆ ಬರುವ ರಿಲೀಫ್ ಪಿಚರ್‌ಗಳು. ಹೋರ್ಹೆ ಲೋಪೆಜ್ ಹಿಂದಿನ ವರ್ಷ ಪಂದ್ಯ ಶುರು ಮಾಡುವ ಪಿಚರ್ ಆಗಿ ತುಂಬಾ ಹೊಡೆಸಿಕೊಂಡಿದ್ದರು. ಈ ಪಾತ್ರಕ್ಕೆ ಬಂದ ಮೇಲೆ ಋತುವಿನ ಉತ್ತಮ ಆಟಗಾರರ ಪಂದ್ಯಕ್ಕೆ ಆಯ್ಕೆಯಾಗಿ ಆಲ್‌-ಸ್ಟಾರ್ ಆದರು! ತವರು ಮೈದಾನದ ಎಡಭಾಗದ ಗೋಡೆಯನ್ನು ಹಿಂದಕ್ಕೆ ಸರಿಸಿ ಎತ್ತರಿಸಿದ್ದೂ ಪಿಚರ್‌ಗಳಿಗೆ ನೆರವಾಯಿತು. ಅಲ್ಲಿ ಹೋಮ್ ರನ್ ಹೊಡೆಯುವುದು, ಅಂದರೆ ಚೆಂಡನ್ನು ಗೋಡೆಯಾಚೆ ಕಳಿಸುವುದು, ಕಷ್ಟವಾಯಿತು.

ಜುಲೈನಲ್ಲಿ ಸತತ 10 ಗೆಲುವು. ಆಲ್‌-ಸ್ಟಾರ್ ಪಂದ್ಯಕ್ಕಾಗಿ ಋತುವಿನ ಮಧ್ಯೆ ಕೊಡುವ ವಿರಾಮದ ಹೊತ್ತಿಗೆ 46 ಗೆಲುವು, 46 ಸೋಲು. ಅಷ್ಟರಲ್ಲೇ ಆಗಸ್ಟ್ ಮೊದಲ ವಾರ ಲೋಪೆಜ್ ಅವರನ್ನೂ, ಕ್ಯಾನ್ಸರ್ ಗೆದ್ದು ಮರಳಿದ್ದ ಟ್ರೇ ಮ್ಯಾನ್ಸಿನಿ ಅವರನ್ನೂ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಅಭಿಮಾನಿಗಳ ಹೊಟ್ಟೆ ಉರಿಯಿತು, ನನಗೂ ಅದು ಸರಿ ಅನ್ನಿಸುವುದಿಲ್ಲ. ಆದರೂ ಹುಡುಗರು ಕುಸಿಯಲಿಲ್ಲ. ಫೆಲಿಕ್ಸ್ ಬೌಟಿಸ್ಟಾ ಲೋಪೆಜ್ ಜಾಗ ತುಂಬಿದರು. ಪ್ಲೇಆಫ್ (ಪ್ರಶಸ್ತಿಗಾಗಿ ನಡೆಯುವ ಕೊನೆಯ ಸುತ್ತು) ತಪ್ಪಿತು, ಆದರೆ 83 ಗೆಲುವು ಸಿಕ್ಕಿತು. ಮರುವರ್ಷ ಅದೇ ತಂಡ 101 ಗೆದ್ದಿತು.