ಓದುಗರ ಪ್ರಶ್ನೆ: ಅರವತ್ತೈದರ ಕೋವಿಗೆ ಎಪ್ಪತ್ತರ ತೋಟಾ

ಪ್ರಶ್ನೆ: ನಮ್ಮ ದೊಡ್ಡಪ್ಪನವರ ಕಾಲದ ಇಂಗ್ಲಿಷ್ ಜೋಡುನಳಿಗೆಯ 12 ಬೋರ್ ಕೋವಿ ಮಡಿಕೇರಿಯ ಮನೆಯಿಂದ ಪುಣೆಗೆ ಬಂದಿದೆ. ಪರವಾನಗಿ ನನ್ನ ಹೆಸರಿಗೆ ವರ್ಗವಾಗಿದೆ. ಜೊತೆಗೆ ಬಂದ ಹಳೆಯ ಖಾಲಿ ಪೆಟ್ಟಿಗೆಯ ಮೇಲೆ 65 ಮಿ.ಮೀ. ಎಂದು ಬರೆದಿದೆ, ಆದರೆ ಈಗ ಅಂಗಡಿಯವರು ಕೊಟ್ಟಿರುವುದು 70 ಮಿ.ಮೀ. ತೋಟಾ. ಹಾಕಿ ನೋಡಿದೆ. ಸಲೀಸಾಗಿ ಕುಳಿತಿತು, ಕೋವಿಯೂ ಸರಿಯಾಗಿ ಮುಚ್ಚಿಕೊಂಡಿತು. ಹಾರಿಸಬಹುದೇ?
– ಕೊಡಗು ಮೂಲದ ನಿವೃತ್ತ ಓದುಗರು, ವಾನವಡಿ, ಪುಣೆ

ಉತ್ತರ: ಹಾರಿಸಬೇಡಿ. ತೋಟಾ ಸಲೀಸಾಗಿ ಕುಳಿತಿತೆಂಬ ನಿಮ್ಮ ಮಾತೇ ಈ ವಿಷಯದಲ್ಲಿ ಅನೇಕರನ್ನು ದಾರಿ ತಪ್ಪಿಸಿರುವ ಮಾತು. ಪೆಟ್ಟಿಗೆಯ ಮೇಲಿನ 65 ಅಥವಾ 70 ಎಂಬ ಅಂಕಿ ನಿಮ್ಮ ಕೈಯಲ್ಲಿರುವ ಹೊಸ ತೋಟಾದ ಉದ್ದವಲ್ಲ. ಹಾರಿಸಿದ ಮೇಲೆ, ಮಡಚಿದ ಬಾಯಿ ಪೂರ್ತಿ ಬಿಚ್ಚಿಕೊಂಡಾಗ, ಖಾಲಿ ಕೊಳವೆ ಎಷ್ಟು ಉದ್ದವಾಗುವುದೋ ಅದನ್ನು ಆ ಅಂಕಿ ಹೇಳುತ್ತದೆ. ಬಾಯಿಯನ್ನು ನಕ್ಷತ್ರದಂತೆ ಮಡಚಿದ 70 ಮಿ.ಮೀ. ತೋಟಾವನ್ನು ಅಳೆದರೆ ಅದು ಸಾಮಾನ್ಯವಾಗಿ 60 ಮಿ.ಮೀ.ಗೂ ಕಡಿಮೆ ಇರುತ್ತದೆ. ಆದುದರಿಂದ 65ರ ಚೇಂಬರಿನಲ್ಲಿ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಅದು ಎಲ್ಲೂ ತಡೆಯದೆ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ, ಕುದುರೆ (ಟ್ರಿಗರ್) ಎಳೆದರೆ ಗುಂಡೂ ಹಾರುತ್ತದೆ. ತೊಂದರೆ ಶುರುವಾಗುವುದು ಆ ಕ್ಷಣದಲ್ಲಿ.

ಚೇಂಬರ್ ಮುಗಿಯುವಲ್ಲಿ ನಳಿಗೆಯ ಒಳಗೋಡೆ ಲಾಳಿಕೆಯ ಹಾಗೆ ಕಿರಿದಾಗುತ್ತಾ ಹೋಗಿ, ಸುಮಾರು 18.5 ಮಿ.ಮೀ. ವ್ಯಾಸದ ಬೋರಿಗೆ, ಅಂದರೆ ನಳಿಗೆಯ ಉಳಿದ ಉದ್ದದ ಒಳಕೊಳವೆಗೆ, ಸೇರುತ್ತದೆ. ಸರಿಯಾದ ಉದ್ದದ ತೋಟಾದ ಬಾಯಿ ಬಿಚ್ಚಿಕೊಂಡಾಗ ಅದರ ಅಂಚು ಈ ಇಳಿಜಾರಿನ ಮೊದಲೇ ನಿಲ್ಲುತ್ತದೆ. ಉದ್ದ ಹೆಚ್ಚಾದದ್ದರ ಅಂಚಾದರೋ ಇಳಿಜಾರಿನೊಳಕ್ಕೆ ಚಾಚಿ, ಮದ್ದಿನ ಬಿಸಿಗಾಳಿ, ಅಡಕು (ಮದ್ದಿಗೂ ಚರೆಗೂ ನಡುವಿನ ಬಿರಡೆ) ಮತ್ತು ಚರೆ (ಸಣ್ಣ ಗುಂಡುಗಳು) ಹೊರಡಬೇಕಾದ ದಾರಿಯನ್ನೇ ಕಿರಿದು ಮಾಡುತ್ತದೆ. ಮದ್ದು ಉರಿಯತೊಡಗಿದ ಮೇಲೆ ಅದು ಯಾರಿಗಾಗಿಯೂ ಕಾಯುವುದಿಲ್ಲವಾದ್ದರಿಂದ, ಹೊರದಾರಿ ಇಕ್ಕಟ್ಟಾದಷ್ಟೂ ಚೇಂಬರಿನ ಒತ್ತಡ ಏರುತ್ತದೆ. ಇದಕ್ಕೆ ಇನ್ನೊಂದು ತೂಕವೂ ಸೇರುತ್ತದೆ: 70 ಮಿ.ಮೀ. ತೋಟಾಗಳಲ್ಲಿ ಅನೇಕವನ್ನು ಹೊಸ ಕೋವಿಗಳ ಬಲವನ್ನು ನಂಬಿಯೇ ತುಂಬಿರುತ್ತಾರೆ. ಕೋವಿ-ತೋಟಾಗಳ ಪರೀಕ್ಷೆಗೆ ನಿಯಮ ಮಾಡುವ ಸಿಐಪಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಪ್ರಕಾರ ಸಾಮಾನ್ಯ 12 ಬೋರ್ ತೋಟಾದ ಗರಿಷ್ಠ ಒತ್ತಡ 740 ಬಾರ್, ಹೆಚ್ಚು ಬಲದ್ದಕ್ಕೆ 1050 ಬಾರ್. ನಿಮ್ಮ ದೊಡ್ಡಪ್ಪನವರ ಕೋವಿಯನ್ನು ಕಟ್ಟಿದವರ ಲೆಕ್ಕದಲ್ಲಿ ಈ ಎರಡನೆಯ ಅಂಕಿ ಇದ್ದಿರಲಾರದು.

'ಇಪ್ಪತ್ತು ವರ್ಷದಿಂದ ಹಾರಿಸುತ್ತಿದ್ದೇನೆ, ಏನೂ ಆಗಿಲ್ಲ' ಎನ್ನುವವರು ಪ್ರತಿ ಊರಿನಲ್ಲಿಯೂ ಸಿಗುತ್ತಾರೆ, ಮತ್ತು ಅವರು ಸುಳ್ಳು ಹೇಳುತ್ತಿರುವುದಿಲ್ಲ. ಒಳ್ಳೆಯ ಕೋವಿ ಒಂದೇ ಈಡಿಗೆ ಸಿಡಿಯುವುದು ಅಪರೂಪ. ಅದು ಸವೆಯುವುದು ಒಳಗೊಳಗೆ: ಕೀಲು ಸಡಿಲವಾಗುತ್ತದೆ, ನಳಿಗೆಗಳಿಗೂ ಕೋವಿಯ ಮೈಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಾಣತೊಡಗುತ್ತದೆ. ಹಾರಿಸಿದ ತೋಟಾದ ಬಾಯಿಯ ಅಂಚು ಹರಿದು ಎಳೆಎಳೆಯಾಗಿದ್ದರೆ, ಖಾಲಿ ಕೊಳವೆ ಹೊರಬರಲು ಹಟ ಮಾಡಿದರೆ, ಹೆಗಲಿಗೆ ಬೀಳುವ ಹೊಡೆತ ಎಂದಿಗಿಂತ ಹೆಚ್ಚೆನಿಸಿದರೆ, ಆ ಕೋವಿ ದೂರು ಹೇಳುತ್ತಿದೆಯೆಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು.

ಇನ್ನು ನಿಮ್ಮ ಕೋವಿಯ ಚೇಂಬರ್ ಎಷ್ಟೆಂಬ ಪ್ರಶ್ನೆ. ಹಳೆಯ ಪೆಟ್ಟಿಗೆ ಒಂದು ಸುಳಿವಷ್ಟೇ. ಕೋವಿ ಖಾಲಿಯಿದೆಯೆಂದು ಎರಡು ಬಾರಿ ನೋಡಿಕೊಂಡು, ನಳಿಗೆಗಳನ್ನು ಬಿಚ್ಚಿ, ಅವುಗಳ ಕೆಳಭಾಗದ ಚಪ್ಪಟೆ ಜಾಗವನ್ನು ಒರೆಸಿ ಭೂತಗನ್ನಡಿಯಲ್ಲಿ ನೋಡಿ. ಇಂಗ್ಲಿಷ್ ಕೋವಿಯಾದರೆ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹದ ಮುದ್ರೆಗಳು ಅಲ್ಲಿರುತ್ತವೆ. ವಜ್ರಾಕೃತಿಯೊಳಗೆ 12ರ ಕೆಳಗೆ ಇಂಗ್ಲಿಷಿನ ಸಿ ಅಕ್ಷರವಿದ್ದರೆ ಚೇಂಬರ್ 3 ಇಂಚಿಗಿಂತ ಕಡಿಮೆ ಎಂದರ್ಥ, ಎಲ್‌ಸಿ ಎಂದಿದ್ದರೆ 3 ಇಂಚು ಅಥವಾ ಅದಕ್ಕಿಂತ ಹೆಚ್ಚು. 1925ರ ನಂತರದ ಕೋವಿಗಳಲ್ಲಿ ಚೇಂಬರಿನ ಉದ್ದವನ್ನೇ ಇಂಚಿನಲ್ಲಿ ಒತ್ತಿರುತ್ತಾರೆ. ಎರಡೂವರೆ ಎಂದರೆ ನಮ್ಮ 65, ಎರಡೂಮುಕ್ಕಾಲು ಎಂದರೆ 70, ಮೂರು ಎಂದರೆ 76. 1954ರ ನಿಯಮಗಳ ನಂತರದವುಗಳಲ್ಲಿ ಒತ್ತಡವನ್ನು ಚದರ ಇಂಚಿಗೆ ಇಷ್ಟು ಟನ್ ಎಂದು ಹೇಳುವ ಲೆಕ್ಕವೂ ಸಿಗುತ್ತದೆ: ಎರಡೂವರೆಯದಕ್ಕೆ 3 ಟನ್, ಎರಡೂಮುಕ್ಕಾಲಿನದಕ್ಕೆ ಮೂರೂಕಾಲು, ಮೂರಿಂಚಿನದಕ್ಕೆ 4. ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾಗಿದೆಯೆಂಬ ಮುದ್ರೆ ಇಲ್ಲದಿದ್ದರೆ, ಅಥವಾ ನಳಿಗೆಯ ಮೇಲೆ ಸುರುಳಿ ಸುರುಳಿಯಾದ ಡಮಾಸ್ಕಸ್ ಕಬ್ಬಿಣದ ನೀರಚ್ಚು ಕಂಡರೆ, ಉದ್ದದ ಚರ್ಚೆ ಬದಿಗಿರಲಿ, ಪರಿಣತರು ನೋಡುವ ತನಕ ಅದಕ್ಕೆ ಯಾವ ತೋಟಾವನ್ನೂ ಹಾಕಬೇಡಿ.

ಮುದ್ರೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಒತ್ತಿದ ಮೇಲೆ ಯಾರಾದರೂ ಚೇಂಬರನ್ನು ಕೊರೆದು ಉದ್ದ ಮಾಡಿರಬಹುದು. ಪಟ್ಟಿ ತೂರಿಸಿ ಮನೆಯಲ್ಲಿ ಅಳೆಯುವ ಉಪಾಯವನ್ನು ನಾನು ಹೇಳುವುದಿಲ್ಲ, ಏಕೆಂದರೆ ಚೇಂಬರ್ ಮುಗಿದು ಇಳಿಜಾರು ಮೊದಲಾಗುವ ಗೆರೆ ಸವೆದ ಕೋವಿಯಲ್ಲಿ ಸ್ಪಷ್ಟವಾಗಿರುವುದಿಲ್ಲ. ಪರವಾನಗಿಯಿರುವ ಕೋವಿ ರಿಪೇರಿಯವರ ಬಳಿ ಚೇಂಬರ್ ಗೇಜ್ ಇರುತ್ತದೆ, ಅಳೆಯಲು ಐದು ನಿಮಿಷ ಸಾಕು. 'ಕೊರೆದು 70 ಮಾಡಿಕೊಡುತ್ತೇನೆ' ಎಂದು ಅವರೇ ಹೇಳಿದರೂ ಒಪ್ಪಬೇಡಿ. ಕೊರೆಯುವುದೆಂದರೆ ಒತ್ತಡ ಹೆಚ್ಚಿರುವ ಜಾಗದಲ್ಲಿಯೇ ಉಕ್ಕನ್ನು ತೆಗೆಯುವುದು. ಮತ್ತೆ ಪರೀಕ್ಷೆಯಾಗದೆ ಅಂಥ ನಳಿಗೆಯ ಬಲವನ್ನು ಯಾರೂ ಹೇಳಲಾರರು.

ಖಡಕಿಯ ಕಾರ್ಖಾನೆಯದೇ ಆಗಲಿ, ಹೊರದೇಶದ್ದೇ ಆಗಲಿ, ಪೆಟ್ಟಿಗೆಯ ಮೇಲೆ 65 ಎಂದಿರುವುದನ್ನೇ ಕೇಳಿ ತೆಗೆದುಕೊಳ್ಳಿ. ಇಂಗ್ಲೆಂಡಿನ ಕೆಲವು ತಯಾರಕರ 67 ಮಿ.ಮೀ. ಕೊಳವೆಯ ತೋಟಾಗಳ ಮೇಲೆ ಎರಡೂವರೆ ಇಂಚಿನ ಚೇಂಬರಿಗೆ ಸಲ್ಲುತ್ತದೆಂದು ಅಚ್ಚಾಗಿರುತ್ತದೆ. ಹಾಗೆ ಅಚ್ಚಾಗಿದ್ದರೆ ಮಾತ್ರ ಅದು ಸಲ್ಲುತ್ತದೆ, ಅಂಗಡಿಯವರ ಬಾಯಿಮಾತಿಗಲ್ಲ.

ಪ್ರಶ್ನೆ: ನಾನು ಈಚೆಗೆ ಟ್ರ್ಯಾಪ್ (ಹಾರುವ ಬಿಲ್ಲೆಗೆ ಗುರಿಯಿಡುವ ಕ್ರೀಡೆ) ಕಲಿಯುತ್ತಿದ್ದೇನೆ. ತರಬೇತಿಯ ಕೋವಿಯ ಮೇಲೆ 76 ಮಿ.ಮೀ. ಎಂದಿದೆ, ಆದರೆ ನಮಗೆ ಕೊಡುವುದು 70ರ ತೋಟಾ. ಇದೂ ಅಪಾಯವೇ?
– ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಅಲ್ಲ. ಅದೇ ಬೋರಿನ ಗಿಡ್ಡ ತೋಟಾವನ್ನು ಉದ್ದ ಚೇಂಬರಿನಲ್ಲಿ ಹಾರಿಸಬಹುದು, ಉಲ್ಟಾ ಮಾಡುವಂತಿಲ್ಲ. ಅಂತರರಾಷ್ಟ್ರೀಯ ಟ್ರ್ಯಾಪ್ ಸ್ಪರ್ಧೆಯ ತೋಟಾವೇ 70 ಮಿ.ಮೀ.ನದು, ಚರೆಯ ತೂಕ 24 ಗ್ರಾಂ. ಹಾರಿಸಿದ ನಂತರ ಚೇಂಬರಿನ ಮುಂಭಾಗವನ್ನು ಚೆನ್ನಾಗಿ ಒರೆಸಿ, ಅಲ್ಲಿ ಮಸಿ ಕೂರುತ್ತದೆ.

ಪ್ರಶ್ನೆ: ನಾನು ಶಿರಸಿಯವನು, ಸತ್ತರಿಯಲ್ಲಿ ಅಡಿಕೆ ತೋಟ ನೋಡಿಕೊಳ್ಳುತ್ತೇನೆ. ಬೆಳೆರಕ್ಷಣೆಯ ಪರವಾನಗಿಯ 12 ಬೋರ್ ಕೋವಿ ಧಣಿಗಳದು, ಅವರ ತಮ್ಮನದು 20 ಬೋರ್. ತೋಟಾಗಳೆಲ್ಲ ಒಂದೇ ಡಬ್ಬಿಯಲ್ಲಿವೆ. ಸಣ್ಣದು ದೊಡ್ಡದರಲ್ಲಿ ಹಾರಿದರೆ ಏನಾಗುತ್ತದೆ?
– ವಾಳಪೈ, ಗೋವಾ

ಉತ್ತರ: ಇವತ್ತೇ ಡಬ್ಬಿ ಬೇರೆ ಮಾಡಿಸಿ. ಬೋರಿನ ಅಂಕಿ ಹೆಚ್ಚಿದಷ್ಟೂ ನಳಿಗೆಯೂ ತೋಟಾವೂ ಸಣ್ಣವು, ಆದ್ದರಿಂದ ಇಲ್ಲಿ ಸಣ್ಣದು 20ರದ್ದೇ. 20 ಬೋರಿನ ತೋಟಾ 12ರ ಕೋವಿಯಲ್ಲಿ ಹಾರುವುದಿಲ್ಲ. ಅದು ಚೇಂಬರನ್ನು ದಾಟಿ ಮುಂದೆ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತದೆ. ಕುದುರೆ ಎಳೆದವರಿಗೆ ಬರಿ 'ಟಿಕ್' ಎಂದು ಕೇಳುತ್ತದೆ, ತೆರೆದು ನೋಡಿದರೆ ಚೇಂಬರ್ ಖಾಲಿ ಕಾಣುತ್ತದೆ. ಹಾಕಲು ಮರೆತೆನೆಂದುಕೊಂಡು 12ರದನ್ನು ಹಿಂದೆ ಸೇರಿಸಿ ಹಾರಿಸಿದರೆ, ಎಡಗೈ ಹಿಡಿದಿರುವ ಜಾಗದಲ್ಲಿಯೇ ನಳಿಗೆ ಒಡೆಯುತ್ತದೆ. ಈ ಗೊಂದಲ ಆಗದಿರಲೆಂದೇ 20 ಬೋರಿಗೆ ಹಳದಿ ಕೊಳವೆ ಹಾಕುವ ರೂಢಿ ಬಂದಿದೆ, ಆದರೆ ಮುಸ್ಸಂಜೆಯ ಅಡಿಕೆ ಮರಗಳ ನೆರಳಿನಲ್ಲಿ ಬಣ್ಣವನ್ನು ನೆಚ್ಚಬೇಡಿ, ಬುಡದ ಹಿತ್ತಾಳೆಯ ಮೇಲಿನ ಅಂಕಿಯನ್ನು ಓದಿ. ಹಾರದೆ ಹೋದ ಅಥವಾ ಸದ್ದು ಕುಗ್ಗಿದ ಪ್ರತಿ ಈಡಿನ ನಂತರವೂ ಬಾಯಿಯನ್ನು ಯಾರ ಕಡೆಗೂ ತಿರುಗಿಸದೆ ಅರ್ಧ ನಿಮಿಷ ಹಿಡಿದಿದ್ದು, ಆಮೇಲೆ ಕೋವಿ ತೆರೆದು, ತೋಟಾ ತೆಗೆದು, ಹಿಂದಿನಿಂದ ನಳಿಗೆಯ ತುದಿಯವರೆಗೆ ಬೆಳಕು ಕಾಣುತ್ತದೆಯೇ ನೋಡಿ. ಗೋವೆಯ ಮಳೆಗಾಲದಲ್ಲಿ ಒದ್ದೆ ಹಿಡಿದ ಕಾಗದದ ತೋಟಾಗಳ ಅಡಕು ನಳಿಗೆಯ ನಡುವೆ ಉಳಿದುಬಿಡುವುದೂ ಉಂಟು, ಅದೂ ಇದೇ ನೋಟಕ್ಕೆ ಸಿಗುತ್ತದೆ.