ಮುಂಗಾರಿನ ಮೊದಲ ಮಳೆಗೆ ಹೊಳೆಯ ಮೀನು ಗದ್ದೆಗೆ ಹತ್ತುವುದೇಕೆ?

ಮೊಟ್ಟೆಯಿಡುವುದಕ್ಕೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್ ತಿಂಗಳಲ್ಲಿ ಹಳ್ಳ ತುಂಬಿ, ಗದ್ದೆಯ ನೀರು ಹೊಳೆಗೆ ಇಳಿಯತೊಡಗಿದೊಡನೆ ಆ ಹರಿವಿಗೆ ಎದುರಾಗಿ ಈಜಿ ಮೇಲೇರುವ, ನಮ್ಮಲ್ಲಿ ಹತ್ತುಮೀನು ಎಂದೇ ಕರೆಸಿಕೊಳ್ಳುವ ಈ ಮೀನುಗಳಲ್ಲಿ ಹೆಚ್ಚಿನವು ಮೊಟ್ಟೆ ತುಂಬಿಕೊಂಡವೇ ಆಗಿರುತ್ತವೆ.

ಉಕ್ಕಿ ಹರಿಯುವ ಹೊಳೆಯಲ್ಲಿ ಮೊಟ್ಟೆ ಕೊಚ್ಚಿಹೋಗುತ್ತದೆ. ಉಳಿದರೂ ದೊಡ್ಡ ಮೀನುಗಳ ಪಾಲಾಗುತ್ತದೆ. ಗದ್ದೆಯ ನೀರಾದರೋ ಆಳವಿಲ್ಲದೆ ನಿಂತಿರುತ್ತದೆ, ಬಿಸಿಲು ಕಂಡರೆ ಬೇಗ ಬೆಚ್ಚಗಾಗುತ್ತದೆ. ಬೇಸಿಗೆಯುದ್ದಕ್ಕೂ ಒಣಗಿ ಬಿದ್ದಿದ್ದ ಹುಲ್ಲು, ದರಗು, ಸಗಣಿ ಅದರಲ್ಲಿ ಕೊಳೆತಾಗ ಬಿಡುಗಡೆಯಾಗುವ ಪೋಷಕಾಂಶಗಳಿಂದ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೂ ಅದನ್ನು ತಿನ್ನುವ ಸೂಕ್ಷ್ಮಜೀವಿಗಳೂ ಕೆಲವೇ ದಿನಗಳಲ್ಲಿ ಹುಲುಸಾಗಿ ಬೆಳೆಯುತ್ತವೆ. ಮೊಟ್ಟೆಯೊಡೆದು ಬಂದ ಮರಿಯ ಪುಟ್ಟ ಬಾಯಿಗೆ ಹಿಡಿಸುವ ಆಹಾರವೆಂದರೆ ಇದೇ. ಬಲಿತ ಮರಿಗಳು ಮುಂದೆ ಅದೇ ಹಳ್ಳದ ದಾರಿ ಹಿಡಿದು ಹೊಳೆಗೆ ಮರಳುತ್ತವೆ.

ಹತ್ತುಮೀನಿನ ಶಿಕಾರಿ ಮಲೆನಾಡಿನವರಿಗೆ ಹಬ್ಬವೇನೋ ಹೌದು (ರುಚಿಯ ಬಗ್ಗೆ ನನ್ನದೂ ತಕರಾರಿಲ್ಲ). ಆದರೆ ಹಳ್ಳಕ್ಕೆ ಅಡ್ಡಲಾಗಿ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಇಟ್ಟು ಎಲ್ಲವನ್ನೂ ಹಿಡಿದರೆ, ಒಂದೊಂದು ಮೀನಿನ ಜೊತೆ ಸಾವಿರಾರು ಮೊಟ್ಟೆಗಳೂ ಸಾರಿಗೆ ಬೀಳುತ್ತವೆ. ಆ ನಷ್ಟ ಮೀನಿಗಷ್ಟೇ ಅಲ್ಲದೆ, ಅದನ್ನೇ ನಂಬಿದ ನೀರುನಾಯಿ, ಮಿಂಚುಳ್ಳಿಗಳಿಗೂ ತಟ್ಟುತ್ತದೆ.